ಹುಳಿ ವಾಸನೆಯ ಡಬ್ಬಿಗಳಿಗೆ ಒಂದು ತಣ್ಣನೆಯ ಕೋಣೆ

ಮಾನ್ಯರೇ,

ನಮ್ಮ ಟ್ರಸ್ಟು ಕೂಡಿಟ್ಟ ಹಳೆಯ ಫಿಲ್ಮ್ ರೀಲುಗಳಿಗೆ ಒಂದು ತಣ್ಣನೆಯ ಕೋಣೆ ಮಾಡಿಸಲು ನೆರವು ಕೇಳಿ ಈ ಪತ್ರ. ಮೊದಲೇ ಹೇಳಿಬಿಡುತ್ತೇವೆ: ನಮ್ಮಲ್ಲಿ ‘ಸತಿ ಸುಲೋಚನಾ’ ಇಲ್ಲ. ಸಂಗ್ರಹ ನೋಡಲು ಬರುವವರಲ್ಲಿ ಅರ್ಧ ಜನ ಕೇಳುವುದು ಅದನ್ನೇ. 1934ರಲ್ಲಿ ತೆರೆಕಂಡ ಕನ್ನಡದ ಆ ಮೊದಲ ಮಾತಿನ ಚಿತ್ರದ ಒಂದು ಪ್ರತಿಯೂ ಇವತ್ತಿನವರೆಗೆ ಸಿಕ್ಕಿಲ್ಲ. ಸಿಕ್ಕಿದ್ದರೆ ನಾವು ಹೀಗೆ ಪತ್ರ ಬರೆಯುತ್ತ ಕೂರುತ್ತಲೂ ಇರಲಿಲ್ಲ.

ನಮ್ಮ ಟ್ರಸ್ಟಿನ ಹಿಂದಿನ ಕೋಣೆಯಲ್ಲಿ ಇರುವುದು ಇಷ್ಟು: ಹಿತ್ತಾಳೆ ಮೂತಿಯ ಒಂದು ಮ್ಯಾಜಿಕ್ ಲ್ಯಾಂಟರ್ನ್ (ಗಾಜಿನ ಮೇಲಿನ ಚಿತ್ರವನ್ನು ದೀಪದ ಬೆಳಕಿನಲ್ಲಿ ಪರದೆಗೆ ಬಿಡುವ ಯಂತ್ರ), ಇನ್ನೂರಕ್ಕೂ ಹೆಚ್ಚು ಗಾಜಿನ ಸ್ಲೈಡುಗಳು, ಕೈಯಲ್ಲಿ ತಿರುಗಿಸುವ ಒಂದು 9.5 ಎಂಎಂ ಪಾಥೆ ಬೇಬಿ ಪ್ರೊಜೆಕ್ಟರು, ಟೂರಿಂಗ್ ಟಾಕೀಸಿನವರು ಬಿಟ್ಟುಹೋದ ಸಾಮಾನು, ಮತ್ತೆ ನಲವತ್ತಾರು ರೀಲುಗಳು. ರೀಲುಗಳಲ್ಲಿ ಹೆಚ್ಚಿನವು 16 ಎಂಎಂ: ಆರೋಗ್ಯ ಇಲಾಖೆಯ ಪ್ರಚಾರ ಚಿತ್ರ, ಯಾರದೋ ಮನೆಯ ಮದುವೆ, ತೇರು ಎಳೆಯುವ ನಾಲ್ಕು ನಿಮಿಷ.

ಲ್ಯಾಂಟರ್ನಿನ ಬಗ್ಗೆ ನಮಗೆ ಚಿಂತೆಯಿಲ್ಲ. ಗಾಜು ಒಡೆಯದಿದ್ದರೆ ಅದು ನಮ್ಮನ್ನೆಲ್ಲ ದಾಟಿಹೋಗುತ್ತದೆ. ಮಾಡಿರುವುದೂ ಸರಳ: ಹಿಂದೆ ದೀಪ, ನಡುವೆ ಬೆಳಕನ್ನು ಒಟ್ಟುಗೂಡಿಸುವ ದಪ್ಪ ಮಸೂರ, ತಲೆಕೆಳಗಾಗಿ ತೂರಿಸಿದ ಸ್ಲೈಡು, ಮುಂದೆ ಇನ್ನೊಂದು ಮಸೂರ. ದೊಡ್ಡ ಪ್ರದರ್ಶನಗಳಲ್ಲಿ ಸುಣ್ಣದ ಬಿಲ್ಲೆಯನ್ನು ಆಮ್ಲಜನಕ, ಜಲಜನಕದ ಉರಿಯಲ್ಲಿ ಬೆಳ್ಳಗೆ ಕಾಯಿಸಿ ಬೆಳಕು ಪಡೆಯುತ್ತಿದ್ದರಂತೆ. ನಾವು ಎಲ್‌ಇಡಿ ಬಲ್ಬು ಹಾಕಿಕೊಂಡಿದ್ದೇವೆ, ತಜ್ಞರು ಕ್ಷಮಿಸಬೇಕು. ಮುಂಬಯಿ ಬಳಿಯ ಕಲ್ಯಾಣದ ಮಹಾದೇವ ಗೋಪಾಲ ಪಟವರ್ಧನರು 1892ರಿಂದ ಇಂಥದೇ ಯಂತ್ರಗಳನ್ನು ಹೊತ್ತು ‘ಶಾಂಭರಿಕ ಖರೋಲಿಕಾ’ ಎಂಬ ಹೆಸರಿನಲ್ಲಿ ರಾಮಾಯಣದ ಕಥೆ ತೋರಿಸುತ್ತಿದ್ದರು. ಫ್ರಾನ್ಸಿನ ಲೂಮಿಯೇರ್ ಸಹೋದರರ ಚಲಿಸುವ ಚಿತ್ರ ಮುಂಬಯಿಗೆ ಬಂದಿದ್ದು ಅದಾದ ಮೇಲೆ, 1896ರ ಜುಲೈಯಲ್ಲಿ.

ನಮ್ಮ ಸ್ಲೈಡುಗಳಲ್ಲಿ ಎಲ್ಲರಿಗೂ ಅಚ್ಚುಮೆಚ್ಚು ಒಂದೇ. ಗಡ್ಡದ ಮನುಷ್ಯ ಹಾಸಿಗೆಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ. ಪಕ್ಕದ ಪುಟ್ಟ ಹಿಡಿಕೆ ತಿರುಗಿಸಿದರೆ ಇಲಿಗಳು ಹೊದಿಕೆಯ ಮೇಲೆ ಓಡಿಬಂದು ಒಂದಾದ ಮೇಲೊಂದು ಅವನ ಬಾಯೊಳಗೆ ಹೋಗುತ್ತವೆ. ಅಷ್ಟೇ. ಮೊಬೈಲಿನಲ್ಲಿ ಏನೆಲ್ಲ ನೋಡುವ ಏಳನೇ ತರಗತಿಯ ಮಕ್ಕಳು ಕಳೆದ ವರ್ಷ ಇದನ್ನು ಹನ್ನೊಂದು ಸಲ ಹಾಕಿಸಿದರು.

ತೊಂದರೆ ಇರುವುದು ರೀಲುಗಳದು. ಡಬ್ಬಿಯ ಮುಚ್ಚಳ ತೆಗೆದರೆ ಉಪ್ಪಿನಕಾಯಿ ಜಾಡಿ ತೆಗೆದ ಹಾಗೆ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಈ ಫಿಲ್ಮು ಸೆಕೆ, ತೇವಕ್ಕೆ ಕೊಳೆತು ವಿನೆಗರಿನ ಆಮ್ಲ ಬಿಡುತ್ತದೆ. ಆ ಆಮ್ಲವೇ ಕೊಳೆಯುವುದನ್ನು ಇನ್ನಷ್ಟು ಜೋರು ಮಾಡುತ್ತದೆ, ಪಕ್ಕದ ಡಬ್ಬಿಗೂ ಅಂಟುತ್ತದೆ. ಫಿಲ್ಮು ಕುಗ್ಗಿ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಕೆಲವು ವರ್ಷಗಳ ಹಿಂದೆ ಉತ್ಸಾಹದಲ್ಲಿ ತೇರಿನ ರೀಲನ್ನು ಪ್ರೊಜೆಕ್ಟರಿಗೇ ಏರಿಸಿದೆವು. ಫಿಲ್ಮಿನ ಅಂಚಿನ ಕುಗ್ಗಿದ ರಂಧ್ರಗಳು ಯಂತ್ರದ ಹಲ್ಲುಗಳಿಗೆ ಕೂರದೆ ಎರಡು ಮಾರಿನಷ್ಟು ಪರಪರ ಹರಿದುಹೋಯಿತು. ತಪ್ಪು ನಮ್ಮದೇ. ಆ ತೇರು ಈಗ ರಥಬೀದಿಯ ತಿರುವಿನ ತನಕ ಬಂದು ಅಲ್ಲೇ ನಿಲ್ಲುತ್ತದೆ.

ಕಳೆದ ಬೇಸಿಗೆಯಲ್ಲಿ ಪ್ರತಿ ಡಬ್ಬಿಗೂ ಆಮ್ಲ ಅಳೆಯುವ ನೀಲಿ ಪಟ್ಟಿ ಹಾಕಿ ನೋಡಿದೆವು. ಹದಿನೇಳು ಹಸಿರಾದವು, ಆರು ಹಳದಿಗೆ ತಿರುಗಿದವು. ಹಸಿರು ಎಂದರೆ ಕೊಳೆಯಲು ಶುರುವಾಗಿದೆ, ಹಳದಿ ಎಂದರೆ ಕಾಯುವ ಹಾಗಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ, ಫಿಲ್ಮಿನ ಗತಿ ಕೇಳಬೇಡಿ.

ಆದ್ದರಿಂದ ಈ ಮನವಿ. ಹತ್ತಡಿಗೆ ಎಂಟಡಿಯ ಒಂದು ಕೋಣೆಗೆ ಶಾಖ ತಡೆಯುವ ಹೊದಿಕೆ, ತಂಪು ಯಂತ್ರ, ತೇವ ಹೀರುವ ಯಂತ್ರ, ಕರೆಂಟು ಹೋದಾಗ ನಡೆಸಲು ಬ್ಯಾಟರಿ. ಜತೆಗೆ ಹಳದಿಯಾದ ಆರು ರೀಲುಗಳ ಸ್ಕ್ಯಾನಿಂಗ್. ಒಟ್ಟು ಅಂದಾಜು 4,80,000 ರೂಪಾಯಿ. ಕೈಯಲ್ಲಿರುವುದು 1,65,000. ಉಳಿದದ್ದು ಜೂನ್ ಮಳೆ ಹಿಡಿಯುವುದರೊಳಗೆ ಸೇರಬೇಕು. ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ, ಲೆಕ್ಕವನ್ನು ಯುಗಾದಿಯ ದಿನ ಫಲಕಕ್ಕೆ ಹಾಕುತ್ತೇವೆ. ದಾನಿಗಳ ಹೆಸರಿನ ಅಮೃತಶಿಲೆ ಮಾತ್ರ ಇಲ್ಲ. ಆ ದುಡ್ಡಿಗೆ ಇನ್ನೊಂದು ರೀಲು ಸ್ಕ್ಯಾನ್ ಆಗುತ್ತದೆ. ದೂರದ ಊರುಗಳಲ್ಲಿ, ವಿದೇಶದಲ್ಲಿ ಇರುವ ನಮ್ಮೂರವರಿಗೆ ಸ್ಕ್ಯಾನ್ ಆದ ತೇರನ್ನು ಕಳಿಸುತ್ತೇವೆ, ಅಜ್ಜನ ಮುಖ ಸಿಕ್ಕೀತು.

ದುಡ್ಡು ಕೊಡಲಾಗದವರು ಇನ್ನೊಂದು ಮಾಡಬಹುದು. ಅಟ್ಟದ ಮೇಲೆ ಹಳೆ ರೀಲು ಇದೆಯೇ ನೋಡಿ. ಫಿಲ್ಮು 35 ಎಂಎಂ ಅಗಲವಿದ್ದು ಅಂಚಿನಲ್ಲಿ ‘ಸೇಫ್ಟಿ’ ಎಂದು ಅಚ್ಚಾಗಿಲ್ಲದಿದ್ದರೆ, ಅಥವಾ ‘ನೈಟ್ರೇಟ್’ ಎಂದೇ ಇದ್ದರೆ, ಹುಷಾರು. ಅದು ಸುಲಭಕ್ಕೆ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮು ಇರಬಹುದು. ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. 2003ರ ಜನವರಿಯಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಗೆ ಎಷ್ಟೋ ಹಳೆಯ ಚಿತ್ರಗಳು ಸುಟ್ಟುಹೋದದ್ದು ಹೀಗೆಯೇ. ಮಕ್ಕಳು ಓಡಾಡುವ ನಮ್ಮ ಕಟ್ಟಡದಲ್ಲಿ ಅಂಥದ್ದನ್ನು ನಾವೂ ಇಟ್ಟುಕೊಳ್ಳುವುದಿಲ್ಲ, ಸರಿಯಾದ ಭಂಡಾರಕ್ಕೆ ಒಪ್ಪಿಸುತ್ತೇವೆ. ದಯವಿಟ್ಟು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ. ಒಲೆ, ದೇವರ ದೀಪದಿಂದ ದೂರವಿಟ್ಟು ಒಂದು ಸುದ್ದಿ ಮುಟ್ಟಿಸಿ, ನಾವೇ ಬರುತ್ತೇವೆ.

ಇಂತಿ,
ಟ್ರಸ್ಟಿನ ಕಾರ್ಯದರ್ಶಿ