ನೀರು ಕುಡಿ, ಯಾರು ಏನೇ ಅನ್ನಲಿ

ಪ್ರೀತಿಯ ಪುಟ್ಟಿಗೆ,

ನೀನು ಎರಡೂವರೆ ತಿಂಗಳ ಬಸುರಿ ಅಂತ ನಿಮ್ಮಪ್ಪ ಹೇಳಿದಾಗ ಖುಷಿಗಿಂತ ಮೊದಲು ಎದೆ ಧಸಕ್ಕೆಂದಿತು. ಸುಳ್ಳು ಯಾಕೆ ಹೇಳಲಿ? ನಮ್ಮಿಬ್ಬರಿಗೂ ಇರುವ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇಟ್ಟುಕೊಂಡು ಹೆತ್ತವಳು ನಮ್ಮ ಮನೆಯಲ್ಲಿ ನಾನೊಬ್ಬಳೇ ಅಲ್ವಾ.

ನಾನು ಬಸುರಿಯಾಗಿದ್ದ 1994ರಲ್ಲಿ ಆ ಕಾಯಿಲೆಯ ಹೆಸರೇ ನಮಗೆ ಗೊತ್ತಿರಲಿಲ್ಲ. 1952ರಲ್ಲೇ ಪಕ್ಕದ ನೀಲಗಿರಿ ಬೆಟ್ಟದ ಜನರ ರಕ್ತದಲ್ಲಿ ಇದನ್ನು ಕಂಡಿದ್ದರಂತೆ. ಘಟ್ಟ ಇಳಿದು ಆ ಸುದ್ದಿ ಗುಂಡ್ಲುಪೇಟೆಗೆ ಬರಲು ನಲವತ್ತು ವರ್ಷ ಸಾಲಲಿಲ್ಲ, ನೋಡು! ನನಗೆ 'ರಕ್ತ ಕಮ್ಮಿ' ಅಂದರು. ಕಬ್ಬಿಣದ ಮಾತ್ರೆ ಕೊಟ್ಟರು, ಆಮೇಲೆ ಇಂಜೆಕ್ಷನ್ನೂ ಹಾಕಿದರು. ಹಿಮೋಗ್ಲೋಬಿನ್ ಏಳೂವರೆಯಿಂದ ಅಲ್ಲಾಡಲಿಲ್ಲ. ಮಾತ್ರೆ ನುಂಗದೆ ಹಿತ್ತಲಿಗೆ ಎಸೆಯುತ್ತಾಳೆ ಅಂತ ನನ್ನನ್ನೇ ಬೈದರು.

ನಮ್ಮದು ಕಬ್ಬಿಣದ ಕೊರತೆಯಲ್ಲ. 120 ದಿನ ಬಾಳಬೇಕಾದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗಿ, 20 ದಿನದೊಳಗೇ ಒಡೆಯುತ್ತದೆ. ಅದರ ಕಬ್ಬಿಣ ಮೈಯಲ್ಲೇ ಉಳಿಯುತ್ತದೆ. ಅದಕ್ಕೇ ಮೈಯಲ್ಲಿ ಎಷ್ಟು ಕಬ್ಬಿಣ ಕೂಡಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸದೆ ಕಬ್ಬಿಣ ತಗೋಬೇಡ. ಫೋಲಿಕ್ ಆಸಿಡ್ ಮಾತ್ರ ಬಿಡಬೇಡ, ನಮ್ಮಂಥವರಿಗೆ ಸಾಮಾನ್ಯವಾಗಿ ದಿನಕ್ಕೆ 5 ಮಿಲಿಗ್ರಾಂ ಬರೆಯುತ್ತಾರೆ. ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ 'ಸಿಕಲ್ ಸೆಲ್' ಅಂತ ದೊಡ್ಡದಾಗಿ ಬರೆಸು. ನಾಚಿಕೆ ಬೇಡ.

ಈ ಕಾಯಿಲೆಗೆ ನುಂಗುತ್ತಿದ್ದ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು ಬಸುರಿಯಾಗುವ ಮೂರು ತಿಂಗಳು ಮೊದಲೇ ಡಾಕ್ಟರ್ ಹೇಳಿದಂತೆ ನಿಲ್ಲಿಸಿದ್ದೀಯ, ಜಾಣೆ. ಗಂಡನ ರಕ್ತ ಪರೀಕ್ಷೆ ಮಾತ್ರ ಇನ್ನೂ ಆಗಿಲ್ಲವಂತೆ. ಇದೇ ವಾರ ಹಿಮೋಗ್ಲೋಬಿನ್ ಯಾವ ಬಗೆಯದು ಅಂತ ತೋರಿಸುವ ಎಚ್‌ಪಿಎಲ್‌ಸಿ ಮಾಡಿಸಿ. ಅವನ ರಕ್ತ ಸರಿಯಿದ್ದರೆ ಮಗು ಬರೀ ವಾಹಕ, ಅಂದರೆ ದೋಷ ರಕ್ತದಲ್ಲಿದ್ದರೂ ಕಾಯಿಲೆ ಇರುವುದಿಲ್ಲ. ಅವನೂ ವಾಹಕನಾಗಿದ್ದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಆಗ ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಿಸಬೇಕೋ ಬೇಡವೋ ಅಂತ ನೀವಿಬ್ಬರೇ ಕೂತು ತೀರ್ಮಾನಿಸಿ. ಅತ್ತೆಮನೆಯವರ ಸಭೆ ಸೇರಿಸಬೇಡಿ.

ಬಿಪಿ ಏರುವ ಭಯ ನಮಗೆ ಜಾಸ್ತಿ. ಹನ್ನೆರಡನೇ ವಾರದಿಂದ ಸಣ್ಣ ಡೋಸಿನ ಆಸ್ಪಿರಿನ್ ಬೇಕಾ ಅಂತ ನೀನೇ ಕೇಳು. ಕೈಕಾಲು ನೋವೆಂದು ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಬೇಡ. ಜ್ವರ, ಎದೆನೋವು, ಉಸಿರಾಟದ ತೊಂದರೆ, ಇದರಲ್ಲಿ ಯಾವುದೊಂದು ಬಂದರೂ ಬೆಳಗಾಗಲಿ ಅಂತ ಕಾಯಬೇಡ. ಹೆರಿಗೆಯೂ ರಕ್ತ ಸಿಗುವ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ.

ಇಷ್ಟನ್ನು ನಿನ್ನ ಡಾಕ್ಟರೂ ಹೇಳುತ್ತಾರೆ. ಅವರು ಹೇಳದೇ ಇರುವುದು ಬಾಣಂತನದ ವಿಷಯ.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ನನ್ನಮ್ಮ ದಿನಕ್ಕೆ ಎರಡು ಲೋಟ ಬಿಸಿನೀರು ಅಳೆದು ಕೊಡುತ್ತಿದ್ದಳು. ಕಿಟಕಿ ಮುಚ್ಚಿ, ಕೆಂಡದ ಪಕ್ಕ ಮಲಗಿಸಿ, ಸಾಂಬ್ರಾಣಿ ಹೊಗೆ ಬೇರೆ. ಬೆವರಿ ಬೆವರಿ ಬಾಯಿ ಒಣಗುತ್ತಿತ್ತು. ಒಂಬತ್ತನೇ ದಿನ ಬೆನ್ನಿನ ಮೂಳೆಯನ್ನು ಒಳಗಿನಿಂದ ಯಾರೋ ಕುಟ್ಟುವಂಥ ನೋವು ಶುರುವಾಯಿತು. ನೀರು ಕಮ್ಮಿಯಾದರೆ ಕಣ ಜಾಸ್ತಿ ಬಾಗುತ್ತದೆ, ಸಣ್ಣ ನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಮೈಸೂರಿನಲ್ಲಿ ಅಡ್ಮಿಟ್ ಆದಾಗಲೇ ನನಗಿದು ತಿಳಿದದ್ದು. ಅಮ್ಮ ಪಾಪ, ಪ್ರೀತಿಯಿಂದಲೇ ಮಾಡಿದ್ದಳು.

ಬೆಚ್ಚಗೆ ಇರು, ಕಿವಿಗೆ ಬಟ್ಟೆ ಕಟ್ಟಿಕೋ, ಮೆಣಸಿನ ಸಾರು ಉಣ್ಣು. ಚಳಿ ನಮಗೂ ಆಗುವುದಿಲ್ಲ, ಅದರಲ್ಲಿ ಹಿರಿಯರ ಮಾತು ಸರಿ. ಹೊಗೆ ಬೇಡ. ನೀರನ್ನು ಯಾರೂ ಅಳೆಯಬಾರದು. ನಲವತ್ತು ದಿನ ಕಾಲು ಚಾಚಿ ಮಲಗಿಯೇ ಇರುವುದೂ ಬೇಡ. ಹೆರಿಗೆಯಾದ ಆರು ವಾರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುತ್ತದೆ. ಮನೆಯೊಳಗೇ ಓಡಾಡು. ಹೆಪ್ಪು ತಡೆಯುವ ಇಂಜೆಕ್ಷನ್ ಕೊಟ್ಟರೆ ತಪ್ಪಿಸಬೇಡ.

ಬಾಣಂತನಕ್ಕೆ ನಾನೇ ಬರುತ್ತೇನೆ ಅಂತ ನಿಮ್ಮಮ್ಮನಿಗೆ ಹೇಳಿದ್ದೇನೆ. ಅವಳಿಗೆ ಸ್ವಲ್ಪ ಕೋಪ ಬಂದಿದೆ, ಎರಡು ದಿನದಲ್ಲಿ ಇಳಿಯುತ್ತದೆ. ನನ್ನ ಹಳೇ ತಾಮ್ರದ ಚೊಂಬು ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದೇನೆ, ಎರಡು ಲೀಟರ್ ಹಿಡಿಯುತ್ತದೆ. ನಿನ್ನ ಗಂಡನ ರಿಪೋರ್ಟ್ ಬಂದ ದಿನವೇ ಫೋನ್ ಮಾಡು.

ನಿನ್ನ ಸೋದರತ್ತೆ