ಬಿಲ್ಲಿಂಗ್ ಮುಖ್ಯಸ್ಥರಿಗೆ ವಾರ್ಡಿನ ಪರಿಚಯವಿರಲಿ

ಮಾನ್ಯ ಸಂಪಾದಕರಿಗೆ,

ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ 22 ವರ್ಷ ದುಡಿದು ನಿವೃತ್ತನಾದವನು ನಾನು. ಈ ವಿಭಾಗಕ್ಕೆ ಮುಖ್ಯಸ್ಥರನ್ನು ಆರಿಸುವಾಗ ಆಡಳಿತ ಮಂಡಳಿಗಳು ಲೆಕ್ಕಪತ್ರದ ಜ್ಞಾನವನ್ನೂ ವಸೂಲಿಯ ಅನುಭವವನ್ನೂ ನೋಡುತ್ತವೆ. ಅವೆರಡೂ ಬೇಕು. ಆದರೆ ಆಸ್ಪತ್ರೆಗೆ ಬರಬೇಕಾದ ಹಣ ತಡೆಯುವುದಕ್ಕೂ ರೋಗಿಯ ಮನೆಯವರು ಕೌಂಟರಿನ ಮುಂದೆ ಕಣ್ಣೀರಿಡುವುದಕ್ಕೂ ಕಾರಣವಾದ ತಪ್ಪು, ನಾನು ಕಂಡಂತೆ, ಬಹುಪಾಲು ದಾಖಲಾತಿಯ ದಿನವೇ ಆಗಿಹೋಗಿರುತ್ತದೆ.

ಕೊಠಡಿ ಬಾಡಿಗೆಯನ್ನೇ ನೋಡಿ. 5 ಲಕ್ಷ ರೂಪಾಯಿಯ ಆರೋಗ್ಯ ವಿಮೆಯಲ್ಲಿ ಬಾಡಿಗೆಯ ಮಿತಿ ವಿಮಾ ಮೊತ್ತದ ಶೇ 1 ಎಂದಿದ್ದರೆ ದಿನಕ್ಕೆ 5,000 ರೂಪಾಯಿ ಸಿಗುತ್ತದೆ. ಮನೆಯವರು 8,000 ರೂಪಾಯಿಯ ಕೊಠಡಿ ಪಡೆದು, ಹೆಚ್ಚಿನ 3,000 ರೂಪಾಯಿಯನ್ನು ತಾವೇ ಕಟ್ಟಿದರಾಯಿತು ಎಂದುಕೊಳ್ಳುತ್ತಾರೆ. ವಿಮಾ ಕಂಪನಿಯಾದರೋ ಶಸ್ತ್ರಚಿಕಿತ್ಸಕರ ಮತ್ತು ಒ.ಟಿ. (ಶಸ್ತ್ರಚಿಕಿತ್ಸಾ ಕೊಠಡಿ) ಶುಲ್ಕವನ್ನೂ ಬಾಡಿಗೆಯ ಅದೇ ಅನುಪಾತದಲ್ಲಿ, ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತದೆ. ಆ ಶುಲ್ಕ 1,20,000 ರೂಪಾಯಿಯಾಗಿದ್ದರೆ 45,000 ರೂಪಾಯಿ ರೋಗಿಯ ತಲೆಗೆ ಬರುತ್ತದೆ. ನಾಲ್ಕು ದಿನದ ಬಾಡಿಗೆಯ ವ್ಯತ್ಯಾಸವೂ ಸೇರಿ 57,000. ಇದನ್ನು ಡಿಸ್ಚಾರ್ಜ್ ದಿನ ಕೇಳುವ ಬದಲು ಕೊಠಡಿ ಆರಿಸುವ ಮೊದಲೇ ತಿಳಿದಿದ್ದರೆ ಎಷ್ಟೋ ಕುಟುಂಬಗಳು ಸಾಲ ಮಾಡಬೇಕಾಗುತ್ತಿರಲಿಲ್ಲ. ಔಷಧಿ, ಇಂಪ್ಲಾಂಟ್, ಪರೀಕ್ಷೆ ಮತ್ತು ಐಸಿಯು ಶುಲ್ಕಗಳಿಗೆ ಈ ಅನುಪಾತದ ಕಡಿತ ಅನ್ವಯಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ಸ್ಪಷ್ಟಪಡಿಸಿತ್ತು. ತಪ್ಪು ಕಡಿತ ಬಂದಾಗ ಅದನ್ನು ಎತ್ತಿ ತೋರಿಸಿ ವಾದಿಸಬಲ್ಲವರೇ ಮುಖ್ಯಸ್ಥರಾಗಿರಬೇಕು. ಏಕೆಂದರೆ ಕೌಂಟರಿನಲ್ಲಿ ನಿಂತ ರೋಗಿಯ ಮಗನಿಗೆ ಅದು ತಿಳಿದಿರುವುದಿಲ್ಲ.

ಕೇಸ್ ಶೀಟ್ (ರೋಗಿಯ ಚಿಕಿತ್ಸಾ ದಾಖಲೆ) ಓದಲು ಬರುವುದು ಇದಕ್ಕಿಂತಲೂ ಮುಖ್ಯ. ಒಮ್ಮೆ ತುರ್ತು ವಿಭಾಗದಲ್ಲಿ, ಒಂದು ವರ್ಷದ ರಕ್ತದೊತ್ತಡ 'ಹತ್ತು ವರ್ಷ' ಎಂದು ದಾಖಲಾಗಿ, ವಿಮೆಗೂ ಮೊದಲೇ ಇದ್ದ ಕಾಯಿಲೆಯೆಂದು ಕ್ಲೇಮ್ ತಿರಸ್ಕೃತವಾಯಿತು. ಆಗಿನ ನಮ್ಮ ಮುಖ್ಯಸ್ಥೆ ತಾವೇ ವಾರ್ಡಿಗೆ ಹೋಗಿ, ಹಳೆಯ ಹೊರರೋಗಿ ಚೀಟಿಗಳನ್ನು ವೈದ್ಯರ ಮುಂದಿಟ್ಟು, ಸಹಿ ಮಾಡಿದ ಸ್ಪಷ್ಟೀಕರಣ ಪಡೆದು ಕಳುಹಿಸಿದರು, ಕ್ಲೇಮ್ ಮಂಜೂರಾಯಿತು. ಇನ್ನೊಬ್ಬ ರೋಗಿಯ ಕಡೆಯವರು, ನಿಜವಾಗಿಯೂ ಇದ್ದ ಹಳೆಯ ಕಾಯಿಲೆಯನ್ನು ಕಾಗದದಿಂದ ತೆಗೆಸಿಕೊಡಿ ಎಂದು ಬೇಡಿಕೊಂಡಾಗ ಅವರೇ, ಆಗುವುದಿಲ್ಲವೆಂದು ಮೃದುವಾಗಿ, ಆದರೆ ಖಚಿತವಾಗಿ ಹೇಳಿದ್ದನ್ನೂ ನಾನು ಕಂಡಿದ್ದೇನೆ. ಈ ಎರಡು ಗುಣಗಳು ಒಬ್ಬರಲ್ಲೇ ಇರುವುದು ಅಪರೂಪ.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ವಿಮಾ ಕಂಪನಿಗಳು ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಕೋರಿಕೆಯನ್ನು ಮೂರು ಗಂಟೆಯೊಳಗೆ ತೀರ್ಮಾನಿಸಬೇಕು. ಆದರೆ ಈ ಗಡುವು ಶುರುವಾಗುವುದು ಆಸ್ಪತ್ರೆಯ ಕೋರಿಕೆ ತಲುಪಿದ ಮೇಲೆ. ಡಿಸ್ಚಾರ್ಜ್ ಸಮರಿಗೆ ಸಹಿಯಾಗದೆ, ಉಳಿದ ಔಷಧಿಗಳ ವಾಪಸಾತಿ ಲೆಕ್ಕಕ್ಕೆ ಸೇರದೆ ಬೆಳಗಿನಿಂದ ಸಂಜೆಯವರೆಗೆ ಕಾಯುವವರಿಗೆ ಆ ನಿಯಮದಿಂದ ಯಾವ ಪ್ರಯೋಜನವೂ ಇಲ್ಲ. ಹಿರಿಯ ವೈದ್ಯರನ್ನೂ ನರ್ಸಿಂಗ್ ಮೇಲ್ವಿಚಾರಕರನ್ನೂ ಸಂಕೋಚವಿಲ್ಲದೆ ಕೇಳುವ ಅಧಿಕಾರವನ್ನು ಆಡಳಿತ ಮಂಡಳಿ ಮುಖ್ಯಸ್ಥರಿಗೆ ಕೊಡಬೇಕು.

ಸರ್ಕಾರಿ ಯೋಜನೆಗಳ ತಿಳಿವಳಿಕೆಯೂ ಅಷ್ಟೇ ಅಗತ್ಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ದೊರೆಯುತ್ತದೆ. ನೋಂದಾಯಿತ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಿಸಿಕೊಳ್ಳುವ ಮೊದಲು ಪಡಿತರ ಚೀಟಿ ಇದೆಯೇ ಎಂದು ವಿಚಾರಿಸುವುದು ಕೌಂಟರಿನ ರೂಢಿಯಾಗಬೇಕು. ರೋಗಿ ತೀರಿಕೊಂಡಾಗ ಬಾಕಿಗಾಗಿ ಶವವನ್ನು ತಡೆಹಿಡಿಯುವಂತಿಲ್ಲ ಎಂಬುದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲೇ ಇದೆ. ರಾತ್ರಿ ಪಾಳಿಯ ಕಿರಿಯ ಗುಮಾಸ್ತನಿಗೂ ಇದು ಗೊತ್ತಿರುವಂತೆ ನೋಡಿಕೊಳ್ಳುವ ಹೊಣೆ ಮುಖ್ಯಸ್ಥರದು.

ಆದ್ದರಿಂದ ಹೊಸದಾಗಿ ಈ ಹುದ್ದೆಗೆ ಬರುವವರನ್ನು ಕುರ್ಚಿಯಲ್ಲಿ ಕೂರಿಸುವ ಮುನ್ನ ಒಂದು ತಿಂಗಳು ದಾಖಲಾತಿ ಕೌಂಟರ್, ವಾರ್ಡ್ ಹಾಗೂ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಡೆಸ್ಕಿನಲ್ಲಿ, ರಾತ್ರಿ ಪಾಳಿಯೂ ಸೇರಿದಂತೆ, ಕೆಲಸಕ್ಕೆ ಹಾಕಬೇಕೆಂದು ಆಸ್ಪತ್ರೆಗಳ ಆಡಳಿತ ಮಂಡಳಿಗಳನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಬಿಲ್ಲಿಂಗ್ ಸಿಬ್ಬಂದಿ, ದಾವಣಗೆರೆ