ಸುರಂಗಕ್ಕೆ ಟಾರ್ಚ್ ಬಿಟ್ಟ ಹಾಗೆ

ನೀರ್ಚಾಲು, ಕಾಸರಗೋಡು
ಏಪ್ರಿಲ್ 28, 2019

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಬಾವಿಯ ತಳ ಕಾಣುತ್ತಿದೆ. ಗುಡ್ಡಕ್ಕೆ ಕೊರೆದ ಸುರಂಗದ ನೀರು ಮಾತ್ರ ಇನ್ನೂ ನೂಲಿನ ಹಾಗೆ ಬರುತ್ತಾ ಇದೆ. ನಿನ್ನ ಅತ್ತೆ ಹಲಸಿನ ಹಪ್ಪಳಕ್ಕೆ ಕೂತಿದ್ದಾಳೆ, ಅಂಗಳದಲ್ಲಿ ಕಾಲಿಡಲು ಜಾಗ ಇಲ್ಲ. ಮೊನ್ನೆ 23ಕ್ಕೆ ಓಟು ಹಾಕಿ ಬಂದೆವು. ಸಾಲು ಉದ್ದ ಇತ್ತು, ಬಿಸಿಲು ಅದಕ್ಕಿಂತ ಜಾಸ್ತಿ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ಆ ತೊಂದರೆ ಇಲ್ಲ.

ಬಿಸು ಹಬ್ಬಕ್ಕೆ ಊರಿಗೆ ಬಂದವನು ಕಣಿ ನೋಡುವಾಗಲೂ ಮುಖ ಊದಿಸಿಕೊಂಡಿದ್ದೆ. ನಿನ್ನ ಅಮ್ಮ ಗಾಬರಿಯಾಗಿ ನನ್ನನ್ನು ಅಡಿಗೆಮನೆಗೆ ಕರೆದಳು. "ಕೆಲಸ ಹೋಯಿತಾ ಕೇಳು. ಅಲ್ಲದಿದ್ದರೆ ಯಾವುದಾದರೂ ಹುಡುಗಿಯ ವಿಷಯವಾ ಕೇಳು" ಎಂದಳು. ಕೇಳಿದರೆ ವಿಷಯ ಹೆಲ್‌ಬಾಯ್, ನಿನ್ನ ಆ ಕಾಮಿಕ್ಸಿನ ಕೆಂಪು ರಾಕ್ಷಸ! ಶುಕ್ರವಾರ 12ಕ್ಕೆ ಹೊಸ ಸಿನಿಮಾ ಬಂದಿದೆ, ನೀನು ಅದೇ ದಿನ ಬೆಂಗಳೂರಿನಲ್ಲಿ ನೋಡಿದ್ದೀ, ಮರುದಿನ ಬಸ್ಸು ಹತ್ತಿದ್ದೀ. "ಮಾವ, ಅವರು ಅವನನ್ನು ಕೊಂದುಬಿಟ್ಟರು" ಎಂದೆ. ಕಥೆಯಲ್ಲಿ ಸಾಯುತ್ತಾನೇನೋ ಎಂದು ನಾನು ತಿಳಿದೆ. ಆಮೇಲೆ ಗೊತ್ತಾಯಿತು, ಸತ್ತದ್ದು ನಿನ್ನ ಹಳೆಯ ಹೆಲ್‌ಬಾಯ್.

ಅಷ್ಟಕ್ಕೇ ನಿಂತಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಚಿಕ್ಕವಳು ನಿನ್ನ ಮೊಬೈಲಿನಲ್ಲಿ ಹೊಸ ಹೆಲ್‌ಬಾಯ್‌ನ ಚಿತ್ರ ನೋಡಿ, "ಅಣ್ಣ, ಈ ಕೆಂಪಣ್ಣನ ಕೂದಲು ಚೆಂದ ಉಂಟು" ಎಂದದ್ದಕ್ಕೆ ನೀನು ಮೊಬೈಲ್ ಕಿತ್ತುಕೊಂಡು, "ನಿನಗೇನು ಗೊತ್ತು" ಎಂದು ಗದರಿದೆ. ಅವಳಿಗೆ ಒಂಬತ್ತು ವರ್ಷ. ಸಿನಿಮಾ ಹಿಡಿಸಿತು ಎಂದ ಬೆಂಗಳೂರಿನ ಗೆಳೆಯನ ಜೊತೆ ಮಾತು ಬಿಟ್ಟಿದ್ದೀಯಂತೆ. ಅದೂ ನಿನ್ನ ಅಮ್ಮನಿಂದಲೇ ತಿಳಿಯಿತು. ಒಂದೇ ರೂಮಿನಲ್ಲಿದ್ದುಕೊಂಡು, ಒಂದೇ ಕುಕ್ಕರಿನ ಅನ್ನ ಉಂಡುಕೊಂಡು!

ನಿನಗೆ ಆ ರಾಕ್ಷಸ ಯಾಕೆ ಇಷ್ಟ ಎಂದು ನನಗೆ ಗೊತ್ತುಂಟು. ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನೀನು ನಮ್ಮ ಚಾವಡಿಯಲ್ಲಿ ಡಿವಿಡಿ ಹಾಕಿ 2004ರ ಸಿನಿಮಾ ನೋಡುವಾಗ, ನಾನು ಅಡಿಕೆ ಸುಲಿಯುತ್ತಾ ಹಿಂದೆ ಕೂತಿದ್ದೆ. ನರಕದಿಂದ ಬಂದ ಮಗು. ಬಲಗೈ ಕಲ್ಲಿನದು. ಲೋಕ ಮುಗಿಸಲಿಕ್ಕೇ ಹುಟ್ಟಿದವನು. ಒಬ್ಬ ಪ್ರೊಫೆಸರ್ ಅವನನ್ನು ಮಗನ ಹಾಗೆ ಸಾಕುತ್ತಾರೆ. ಅವನು ದೊಡ್ಡವನಾಗಿ ಮನುಷ್ಯರ ಪರ ನಿಲ್ಲುತ್ತಾನೆ. ಕೋಡು ಬೆಳೆದಷ್ಟೂ ಉಜ್ಜಿ ಮೋಟು ಮಾಡಿಕೊಳ್ಳುತ್ತಾನೆ, ನಾವು ಗಡ್ಡ ಹೆರೆದ ಹಾಗೆ. ಕೋಣೆ ತುಂಬಾ ಬೆಕ್ಕು. ನಿನ್ನ ಅತ್ತೆಗೆ ಆ ಬೆಕ್ಕುಗಳದ್ದೇ ಚಿಂತೆ, ಇಷ್ಟಕ್ಕೆಲ್ಲ ಹಾಲು ಹಾಕುವವರು ಯಾರು ಎಂದು.

ಆಮೇಲೆ ಕಾಮಿಕ್ಸ್ ಪುಸ್ತಕ ತಂದು ಎರಡೇ ಪುಟದ ಒಂದು ಕಥೆ ತೋರಿಸಿದೆ. 1999ರದ್ದು ಎಂದೆ. ಮರಿ ಹೆಲ್‌ಬಾಯ್ ತಿಂಡಿಗೆ ಪ್ಯಾನ್‌ಕೇಕ್ ಬೇಡ ಎಂದು ಹಟ ಮಾಡುತ್ತಾನೆ. ಅದು ಅವರ ಕಡೆಯ ಸಿಹಿದೋಸೆ ಅಲ್ವಾ. ಕೊನೆಗೆ ಒಂದು ತುತ್ತು ತಿನ್ನುತ್ತಾನೆ, ರುಚಿಯಾಗುತ್ತದೆ. ಅಷ್ಟರಲ್ಲಿ ಅತ್ತ ನರಕದಲ್ಲಿ ಭೂತಗಳೆಲ್ಲ ಗೋಳೋ ಎಂದು ಅಳುತ್ತವೆ, ಇನ್ನು ಇವನು ನಮ್ಮವನಾಗುವುದಿಲ್ಲ ಎಂದು. ನಾನು ನಕ್ಕದ್ದು ನಕ್ಕದ್ದೇ. ದೋಸೆಯಿಂದ ಲೋಕ ಉಳಿದ ಕಥೆ ನಾನು ಬೇರೆಲ್ಲೂ ಓದಿಲ್ಲ.

ಹಾಗಾಗಿ ನಿನ್ನ ಸಿಟ್ಟು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿದೆ. ಎರಡು ದಿನವೂ ನೀನು ಬೈದದ್ದು ವೇಷ ಹಾಕಿದ ಡೇವಿಡ್ ಹಾರ್ಬರ್ ಎಂಬವನನ್ನು. ಅವನ ದನಿ ಸರಿಯಿಲ್ಲ, ಮೈ ಸರಿಯಿಲ್ಲ, ಹಳೆಯ ಸಿನಿಮಾಗಳಲ್ಲಿ ಆ ವೇಷ ಹಾಕಿದ ರಾನ್ ಪರ್ಲ್‌ಮನ್‌ನ ಉಗುರಿಗೂ ಸಮನಲ್ಲ.

ನನ್ನದೊಂದು ವಿಷಯ ಹೇಳುತ್ತೇನೆ. ಮನೆಯಲ್ಲಿ ಯಾರಿಗೂ ಹೇಳಿದ್ದಲ್ಲ.

ನನಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಹತ್ತಿರದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ, ದೇವಿಮಹಾತ್ಮೆ. ಆ ಪ್ರಸಂಗಕ್ಕೆ ಜನ ಕಾಯುವುದು ಮಹಿಷಾಸುರನ ಪ್ರವೇಶಕ್ಕೆ, ನೀನೂ ನೋಡಿದ್ದೀ. ಅರ್ಧ ಜನ ನಿದ್ದೆ ತೂಗುವ ಹೊತ್ತಿಗೆ, ಎಲ್ಲರ ಬೆನ್ನ ಹಿಂದಿನಿಂದ, ದೊಂದಿಯ ಬೆಳಕಿನಲ್ಲಿ ಬರುತ್ತಾನೆ. ದೊಂದಿಗೆ ರಾಳದ ಹುಡಿ ಎರಚಿದರೆ ಬೆಂಕಿ ಭಗ್ಗನೆ ಏಳುತ್ತದೆ. ಆಗ ಒಮ್ಮೆ ಕೋಡು ಕಾಣುತ್ತದೆ. ಮತ್ತೆ ಕತ್ತಲೆ. ಇನ್ನೊಮ್ಮೆ ಬೆಂಕಿ ಎದ್ದರೆ ಅರ್ಧ ಮುಖ. ರಂಗಸ್ಥಳಕ್ಕೆ ಬರುವಷ್ಟರಲ್ಲಿ ಮಕ್ಕಳೆಲ್ಲ ಅಮ್ಮಂದಿರ ಸೆರಗಿನೊಳಗೆ.

ಆ ದಿನ ವೇಷ ಮಾಡಬೇಕಾಗಿದ್ದ ಹಿರಿಯ ಕಲಾವಿದರಿಗೆ ಜ್ವರ. ಮೇಳದ ಒಬ್ಬ ಹುಡುಗ ಬಣ್ಣ ಹಚ್ಚಿದ. ನಡುವಿನಲ್ಲಿ ಕೂತಿದ್ದ ನಾವು ನಾಲ್ಕು ಜನ, ಅವನು ಪಕ್ಕಕ್ಕೆ ಬರುವಾಗ, ಆ ಹಿರಿಯರ ಹೆಸರು ಹಿಡಿದು ಕೂಗಿದೆವು. ಅವನ ಹೆಜ್ಜೆ ತಪ್ಪಿತು. ನಾವು ನಕ್ಕೆವು. ಜೊತೆಗೆ ಇನ್ನೂ ಕೆಲವರು ನಕ್ಕರು. ನಿನ್ನ ಅಜ್ಜನೂ ಹೀಗೆಯೇ. ರಾಕ್ಷಸ ವೇಷಕ್ಕೆ ಹೆಸರಾದ ಬಣ್ಣದ ಮಾಲಿಂಗರನ್ನು ನೋಡಿದ ಮೇಲೆ ಅವರಿಗೆ ಉಳಿದವರೆಲ್ಲ ಸಪ್ಪೆ. ಆದರೆ ಅವರು ಮನೆಗೆ ಬಂದು ಹೇಳುತ್ತಿದ್ದರು, ಗದ್ದೆಯಲ್ಲಿ ಕೂಗುತ್ತಿರಲಿಲ್ಲ.

ಬೆಳಗ್ಗೆ ಆಟ ಮುಗಿದ ಮೇಲೆ ವೇಷ ಕಟ್ಟುವ ಚೌಕಿಗೆ ಹೋದೆ. ಸುಮ್ನೆ, ಬೀಡಿಗೆ ಬೆಂಕಿ ಕೇಳಲಿಕ್ಕೆ. ಅವನು ಮೂಲೆಯಲ್ಲಿ ಕೂತು, ಮುಖಕ್ಕೆ ತೆಂಗಿನೆಣ್ಣೆ ಉಜ್ಜಿ ಚಿಟ್ಟಿ ಬಿಡಿಸುತ್ತಿದ್ದ. ಚಿಟ್ಟಿ ಗೊತ್ತಲ್ಲ, ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ ಮುಖದ ಮೇಲೆ ಮುಳ್ಳು ಮುಳ್ಳಾಗಿ ಇಡುವುದು. ಇಡಲಿಕ್ಕೇ ಮೂರು ನಾಲ್ಕು ಗಂಟೆ ಬೇಕು. ಸುಣ್ಣಕ್ಕೆ ಅವನ ಕೆನ್ನೆ ಕೆಂಪಗಾಗಿತ್ತು. ನನ್ನನ್ನು ನೋಡಿದ. ಗುರುತು ಸಿಕ್ಕಿತೋ ಇಲ್ಲವೋ. "ಅಣ್ಣ, ಎಲ್ಲಾದರೂ ಸ್ವಲ್ಪ ಬಿಸಿನೀರು ಉಂಟಾ?" ಎಂದು ಕೇಳಿದ. ಹತ್ತಿರದ ಮನೆಯಿಂದ ಒಂದು ಚೆಂಬು ತಂದುಕೊಟ್ಟೆ. ಬೇರೆ ಮಾತು ಬಾಯಿಗೆ ಬರಲಿಲ್ಲ. ಬೀಡಿಯ ವಿಷಯ ಮರೆತೇಹೋಯಿತು.

ಪರ್ಲ್‌ಮನ್‌ಗೂ ಆ ಕೆಂಪು ಬಣ್ಣಕ್ಕೆ ನಾಲ್ಕು ಗಂಟೆ ಹಿಡಿಯುತ್ತಿತ್ತು ಎಂದು ನನಗೆ ಹೇಳಿದವನು ನೀನೇ. ಹಾರ್ಬರ್ ಏನು, ಪೌಡರು ಹಚ್ಚಿಕೊಂಡು ಬಂದನಾ? ಅವನೂ ಅದೇ ಕೋಡು, ಅದೇ ಕಲ್ಲಿನ ಕೈ ಹೊತ್ತವನು. ಕಥೆ ಕಟ್ಟಿದವನು ಅವನಲ್ಲ. ಇನ್ನೊಬ್ಬನ ವೇಷ ಹಾಕುವುದು ಎಷ್ಟು ಕಷ್ಟ ಎಂದು ಆ ಹುಡುಗನನ್ನು ಕೇಳಬೇಕಿತ್ತು. ನಾನು ಕೇಳಲಿಲ್ಲ.

ಇನ್ನು ನಿನ್ನ 'ಮೂಲ'ದ ವಾದ. ಹೊಸಬರು ಮೂಲ ಕೆಡಿಸಿದರು ಎಂದು ನೂರು ಸಲ ಹೇಳಿದೆ. ಸರಿ, ಯಾವ ಮೂಲ? ಮೈಕ್ ಮಿನ್ಯೋಲ ಈ ಹೆಲ್‌ಬಾಯ್‌ನನ್ನು ಓದುಗರ ಮುಂದೆ ತಂದದ್ದು 1993ರಲ್ಲಿ, ಮೊದಲ ದೊಡ್ಡ ಕಥೆ 1994ರಲ್ಲಿ. ಆ ಪುಸ್ತಕಗಳಲ್ಲಿ ಹೆಲ್‌ಬಾಯ್‌ಗೂ ಬೆಂಕಿ ಹುಡುಗಿ ಲಿಜ್‌ಗೂ ಪ್ರೇಮ ಇಲ್ಲ. ಅದನ್ನು ತಂದು ಸೇರಿಸಿದವನು ಹಳೆಯ ಸಿನಿಮಾಗಳ ನಿರ್ದೇಶಕ, ನಿನ್ನ ಪ್ರೀತಿಯ ಡೆಲ್ ಟೊರೊ. ಹೊಸ ಸಿನಿಮಾದಲ್ಲಿ ಬರುವ ರಕ್ತದ ರಾಣಿ ನಿಮ್ಯು, ಹಂದಿಮುಖದವನು, ಕೋಳಿಕಾಲಿನ ಮನೆಯ ಮುದುಕಿ ಬಾಬಾ ಯಾಗಾ, ಇವರೆಲ್ಲ ನೇರ ಪುಸ್ತಕದಿಂದ ಇಳಿದವರು. ನಿನ್ನ ಕಪಾಟಿನಲ್ಲೇ ಇದ್ದಾರೆ. ಹಾಗೆ ನೋಡಿದರೆ ನೀನು ಪ್ರೀತಿಸಿದ್ದೇ ಬದಲಾದದ್ದನ್ನು. ಅದರಲ್ಲಿ ತಪ್ಪೇನೂ ಇಲ್ಲ. ನಾವು ಇಲ್ಲಿ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳಲ್ಲಿ ರಾಮಾಯಣ ಕೇಳಿ ಬೆಳೆದವರು, ವಾಲ್ಮೀಕಿಯ ಪುಸ್ತಕ ಹಿಡಿದು ತಾಳೆ ನೋಡುತ್ತಾ ಕೂತವರಲ್ಲ. ಆದರೆ 'ಮೂಲ' ಎಂಬ ದೊಣ್ಣೆ ಎತ್ತುವ ಮೊದಲು ಅದು ಯಾರ ಬೆನ್ನಿಗೆ ಬೀಳುತ್ತದೆ ಎಂದು ನೋಡಿಕೊಳ್ಳಬೇಕಲ್ಲ.

ನೋಡದೆ ಉಪದೇಶ ಮಾಡುತ್ತಾರೆ ಎನ್ನಬೇಡ. ಕಣ್ಣಿನ ಪರೀಕ್ಷೆಗೆ ಮಂಗಳೂರಿಗೆ ಹೋದವನು ಮಧ್ಯಾಹ್ನ ಥಿಯೇಟರಿಗೆ ಹೋಗಿ ನೋಡಿಬಂದೆ. ಟಿಕೆಟ್ ಕೊಡುವ ಹುಡುಗ ಎರಡು ಸಲ ಕೇಳಿದ, "ಇದೇ ಸಿನಿಮಾನಾ ಅಂಕಲ್?" ಎಂದು. ಒಳಗೆ ನನ್ನನ್ನು ಬಿಟ್ಟರೆ ಆರು ಜನ.

ನನಗೆ ಹಿಡಿಸಲಿಲ್ಲ. ಇದನ್ನು ಮೊದಲೇ ಬರೆದಿದ್ದರೆ ನೀನು ಅಲ್ಲಿಗೇ ಕಾಗದ ಮಡಚಿ ಇಡುತ್ತಿದ್ದೆ, ಅದಕ್ಕೇ ಬರೆಯಲಿಲ್ಲ. ಬಾಬಾ ಯಾಗಾಳ ಮನೆಯಲ್ಲಿ ಮಾತ್ರ ಮೈ ಜುಮ್ಮೆಂದಿತು. ಉಳಿದದ್ದೆಲ್ಲ ಗದ್ದಲ. ಎರಡು ಗಂಟೆಯೊಳಗೆ ಆರ್ಥರ್ ರಾಜ, ಅವನ ಖಡ್ಗ, ದೈತ್ಯರು, ಮಾಟಗಾತಿಯರು, ಚಿರತೆಯಂಥ ಜಾಗ್ವಾರ್ ಆಗುವ ಸೈನಿಕ. ಬಾಳೆಲೆ ಮುಗಿದರೂ ಬಡಿಸುತ್ತಲೇ ಇದ್ದಾರೆ. ಮೂವರು ದೈತ್ಯರ ಜೊತೆ ಹೊಡೆದಾಟ ಬಯಲಿನಲ್ಲಿ, ಹಾಡುಹಗಲು. ರಕ್ತ ಬೇಕಾದಷ್ಟು. ಹೆದರಿಕೆ ಎಲ್ಲಿ?

ಮನೆಗೆ ಬಂದು ನೀನು ಬಿಟ್ಟುಹೋದ ಕಾಮಿಕ್ಸ್ ತೆಗೆದು ನೋಡಿದೆ. ಅಲ್ಲಿ ನನಗೆ ಉತ್ತರ ಸಿಕ್ಕಿತು ಎಂದು ಕಾಣುತ್ತದೆ. ಮಿನ್ಯೋಲ ಬಿಡಿಸುವುದು ಕಡಿಮೆ. ಪುಟದ ಅರ್ಧ ಬರೀ ಕಪ್ಪು. ಒಂದು ಕಣ್ಣು, ಒಂದು ಭುಜ, ಆ ಕೆಂಪು ಕೈ. ಉಳಿದದ್ದೆಲ್ಲ ಮಸಿಯೊಳಗೆ. ಆ ಮಸಿಯೊಳಗೆ ಏನುಂಟು ಎಂದು ತುಂಬಿಸುವವರು ನಾವು.

ನಿನಗೆ ನಮ್ಮ ಮನೆಯ ಹಿಂದಿನ ಸುರಂಗ ನೆನಪುಂಟಲ್ಲ. ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದದ್ದು. ಆರು ವರ್ಷದವನಿದ್ದಾಗ ಅದರ ಬಾಯಿಯ ಎದುರು ನಿಂತು, "ಒಳಗೆ ಯಾರಿದ್ದಾರೆ ಮಾವ?" ಎಂದು ಕೇಳುತ್ತಿದ್ದೆ. "ಒಬ್ಬ ಇದ್ದಾನೆ, ನೀರು ಕಳಿಸುವವನು" ಎನ್ನುತ್ತಿದ್ದೆ ನಾನು. ನೀನು ದಿನಾ ಅವನಿಗೆ ಒಂದೊಂದು ಹೊಸ ಅವಯವ ಸೇರಿಸುತ್ತಿದ್ದೆ. ಇವತ್ತು ಬಾಲ, ನಾಳೆ ಮೂರು ಕಣ್ಣು. ಸಂಜೆಯಾದರೆ ಆ ಕಡೆ ಮುಖ ಹಾಕುತ್ತಿರಲಿಲ್ಲ, ಬೆಳಗಾದರೆ ಮತ್ತೆ ಅಲ್ಲೇ. ಒಂದು ದಿನ ಮನೆಗೆ ಬಂದ ನೆಂಟರೊಬ್ಬರು, ಮಗುವಿನ ಹೆದರಿಕೆ ಬಿಡಿಸುತ್ತೇನೆ ಎಂದು ದೊಡ್ಡ ಟಾರ್ಚ್ ಹಿಡಿದು ನಿನ್ನನ್ನು ಒಳಗೆ ಕರೆದುಕೊಂಡು ಹೋದರು. ಎರಡು ಬಾವಲಿ, ಒಂದು ಕಪ್ಪೆ, ಒದ್ದೆ ಗೋಡೆ. "ಇಷ್ಟೇನಾ?" ಎಂದುಕೊಂಡು ಹೊರಗೆ ಬಂದೆ. ಆಮೇಲೆ ನೀನು ಸುರಂಗದ ಹತ್ತಿರ ಹೋದದ್ದೇ ಇಲ್ಲ.

ಹೊಸ ಸಿನಿಮಾದವರು ಮಾಡಿದ್ದು ಇದೇ. ನರಕದ ಮೂಲೆ ಮೂಲೆಗೂ ಟಾರ್ಚ್ ಬಿಟ್ಟಿದ್ದಾರೆ. ನಮ್ಮ ಬಣ್ಣದ ವೇಷ ಬರುವಾಗ ಮೊದಲು ತೆರೆ ಹಿಡಿಯುತ್ತಾರೆ. ತೆರೆಯ ಹಿಂದೆಯೇ ಕುಣಿತ. ಮೇಲಿನಿಂದ ಕಿರೀಟದ ತುದಿ ಕಾಣುತ್ತದೆ, ಆಮೇಲೆ ಕೈಯ ಬೆರಳು. ತೆರೆ ಇಳಿಯುವ ಮೊದಲೇ ಅರ್ಧ ಹೆದರಿಕೆ ಆಗಿಹೋಗಿರುತ್ತದೆ. ತೆರೆಯೇ ಇಲ್ಲದೆ ರಾಕ್ಷಸನನ್ನು ಟ್ಯೂಬ್‌ಲೈಟಿನ ಅಡಿಯಲ್ಲಿ ನಿಲ್ಲಿಸಿದರೆ, ವೇಷ ಮಾಲಿಂಗರದ್ದೇ ಆದರೂ ಏನು ಮಾಡಿಯಾರು? ಆ ಜಾಗದಲ್ಲಿ ಪರ್ಲ್‌ಮನ್ ಇದ್ದಿದ್ದರೂ ಅಷ್ಟೇ ಎಂದು ನನಗೆ ಕಾಣುತ್ತದೆ. ಬೈಯಬೇಕಾದರೆ ಇದನ್ನು ಬೈ. ನಾನೂ ದನಿಗೂಡಿಸುತ್ತೇನೆ.

ಇನ್ನೊಂದು ಸಂಶಯ ನನಗೆ. 2008ರಲ್ಲಿ ಎರಡನೆಯದು ಬಂದ ಮೇಲೆ ನೀನು ಮೂರನೆಯದಕ್ಕೆ ಕಾದೆ. ಪಿಯುಸಿಯಲ್ಲಿ ಕಾದೆ, ಇಂಜಿನಿಯರಿಂಗ್‌ನಲ್ಲಿ ಕಾದೆ. 2017ರಲ್ಲಿ ಡೆಲ್ ಟೊರೊ ಇನ್ನು ಅದು ಆಗುವುದಿಲ್ಲ ಎಂದಾಗ ನೀನು ನನಗೆ ಫೋನ್ ಮಾಡಿದ್ದೆ. ನಾನು ತೋಟದ ಕೆಲಸದ ಗಡಿಬಿಡಿಯಲ್ಲಿ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಆ ಬೇಸರ ಎಲ್ಲೋ ಒಳಗೆ ಉಳಿದಿತ್ತು. ಈಗ ಹಾರ್ಬರ್ ಕೈಗೆ ಸಿಕ್ಕಿದ. ಹೌದೋ ಅಲ್ಲವೋ, ನೀನೇ ಹೇಳಬೇಕು.

ಪರ್ಲ್‌ಮನ್‌ನದ್ದೊಂದು ಸುದ್ದಿ ನೀನೇ ಹೇಳಿದ್ದು. 2012ರಲ್ಲಿ, ಶೂಟಿಂಗ್ ಯಾವುದೂ ಇಲ್ಲದಿದ್ದರೂ, ಅವನು ನಾಲ್ಕು ಗಂಟೆ ಕೂತು ಪೂರ್ತಿ ಬಣ್ಣ ಹಚ್ಚಿಸಿಕೊಂಡನಂತೆ. ಯಾಕೆ? ರಕ್ತದ ಕ್ಯಾನ್ಸರ್ ಆದ ಆರು ವರ್ಷದ ಒಬ್ಬ ಹುಡುಗನಿಗೆ ಹೆಲ್‌ಬಾಯ್‌ನನ್ನು ನೋಡುವ ಆಸೆ ಇತ್ತಂತೆ. ಬರೀ ನೋಡಿದ್ದಲ್ಲ, ಆ ಹುಡುಗನಿಗೂ ಹೆಲ್‌ಬಾಯ್ ವೇಷ ಹಾಕಿಸಿದರಂತೆ. ಇದನ್ನು ಹೇಳುವಾಗ ನಿನ್ನ ಗಂಟಲು ಕಟ್ಟಿತ್ತು. ಆ ದಿನ ಆ ಪುಟ್ಟ ಹುಡುಗನ ಮೈಮೇಲೆ ಬಣ್ಣ ಹಚ್ಚಿದಾಗ ಯಾರೂ ಅವನಿಗೆ "ನಿನಗೇನು ಗೊತ್ತು" ಎನ್ನಲಿಲ್ಲ. ನಮ್ಮ ಮನೆಯ ಒಂಬತ್ತು ವರ್ಷದವಳು ಕೂದಲು ಚೆಂದ ಉಂಟು ಎಂದದ್ದಷ್ಟೇ. ನನಗೂ ಆ ಕೂದಲು ಅಡ್ಡಿಯಿಲ್ಲ ಎಂದೇ ಕಂಡಿತು.

ಅವಳಿಗೆ ಒಂದು ಫೋನ್ ಮಾಡು. ಕ್ಷಮೆ ಗಿಮೆ ಎಂದು ದೊಡ್ಡ ಮಾತು ಬೇಡ, ದೋಸೆಯ ಕಥೆ ಹೇಳು, ಸಾಕು. ಹೊಸ ಸಿನಿಮಾ ಅವಳಿಗೆ ತೋರಿಸುವಂಥದ್ದಲ್ಲ, ಅದು ಬೇರೆ. ಗೆಳೆಯನ ಜೊತೆ ಊಟಕ್ಕೆ ಹೋಗು. ಅವನಿಗೆ ಏನು ಹಿಡಿಸಿತು ಎಂದು ಕೇಳು, ಉತ್ತರ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರು. ಇದು ನಿನಗೆ ಕಷ್ಟ, ನನಗೆ ಗೊತ್ತು. ನಿನ್ನ ಅಜ್ಜನದ್ದೇ ಬುದ್ಧಿ.

ಪತ್ತನಾಜೆ ಹತ್ತಿರ ಬಂತು. ಆಮೇಲೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅದಕ್ಕೆ ಮೊದಲು ಒಂದು ಶನಿವಾರ ಬಾ. ಈ ಸುತ್ತಿನಲ್ಲೇ ಎಲ್ಲಾದರೂ ದೇವಿಮಹಾತ್ಮೆ ಇರುತ್ತದೆ, ರಾತ್ರಿಯಿಡೀ ಕೂರೋಣ. ಚಿಕ್ಕವಳೂ ಬರುತ್ತೇನೆ ಎಂದು ಕುಣಿಯುತ್ತಿದ್ದಾಳೆ, ಮಹಿಷಾಸುರ ಬರುವಷ್ಟರಲ್ಲಿ ಮಲಗಿರುತ್ತಾಳೆ. ಎಬ್ಬಿಸುವ ಕೆಲಸ ನಿನ್ನದು.

ಬರುವಾಗ ಉಳಿದ ಪುಸ್ತಕಗಳನ್ನೂ ತಾ. ಕನ್ನಡಕ ಹೊಸದು ಬಂದಿದೆ, ಕಪ್ಪಿನೊಳಗೆ ಇನ್ನೂ ಏನೇನುಂಟು ನೋಡಬೇಕು. ಹಪ್ಪಳ ಎರಡು ಕಟ್ಟು ತೆಗೆದಿಟ್ಟಿದ್ದೇವೆ. ಒಂದು ಆ ಗೆಳೆಯನಿಗೆ.

ನಿನ್ನ
ಮಾವ